ಹಳೆಯ ಕ್ಯಾಂಪರ್ ವ್ಯಾನಿನ ಒಳಾಂಗಣ: ಬಿಚ್ಚುವುದರಿಂದ ಹಾಸಿಗೆ ಹಾಸುವವರೆಗೆ

ಹಳೆಯ ಕ್ಯಾಂಪರ್ ವ್ಯಾನಿನ (ಒಳಗೇ ಮಲಗಿ, ಅಡುಗೆ ಮಾಡಿಕೊಂಡು ಪ್ರಯಾಣಿಸುವ ಗಾಡಿಯ) ಒಳಭಾಗ ಹಾಳಾಗುವುದು ಬಹುಪಾಲು ನೀರಿನಿಂದ. ಚಾವಣಿಯ ಕಿಂಡಿಯಿಂದ ಒಸರುವ ಮಳೆನೀರು, ಕಿಟಕಿಯ ರಬ್ಬರಿನ ಹಿಂದೆ ಕೂತ ಪಸೆ, ಮಲಗಿದವರ ಉಸಿರು ತಣ್ಣನೆಯ ತಗಡಿಗೆ ತಾಗಿ ಇಳಿದ ಹನಿ, ಸಿಂಕಿನ ಕೆಳಗೆ ಸಡಿಲಾದ ಪೈಪು, ಹೀಗೆ ದಾರಿಗಳು ಹಲವು. ಬಣ್ಣ, ಬಟ್ಟೆ, ಬೀರುಗಳ ಮಾತು ಆಮೇಲೆ. ಕೆಲಸದ ಉದ್ದಕ್ಕೂ ಪ್ರತಿ ಜೋಡಣೆಯ ಮುಂದೆ ನಿಂತು ಎರಡು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿಗೆ ನೀರು ಬಂದರೆ ಎಲ್ಲಿಗೆ ಹೋಗುತ್ತದೆ? ಇದನ್ನು ಮುಂದೊಂದು ದಿನ ಒಡೆಯದೆ ಬಿಚ್ಚಲು ಆಗುತ್ತದೆಯೇ? ಹಳೆಯ ವ್ಯಾನುಗಳನ್ನು ಕಟ್ಟಿದವರು ಈ ಎರಡನೆಯ ಪ್ರಶ್ನೆ ಕೇಳಿಕೊಳ್ಳದ ಕಾರಣ ಎಷ್ಟೋ ವ್ಯಾನುಗಳಲ್ಲಿ ಅಂಗೈಯಗಲದ ಸೋರಿಕೆ ಸರಿಪಡಿಸಲು ಅರ್ಧ ಗೋಡೆ ಕೀಳಬೇಕಾಗುತ್ತದೆ.

ನಿಮ್ಮ ವ್ಯಾನು ಯಾವ ಜಾತಿಯದು ಎಂಬುದನ್ನು ಮೊದಲು ತಿಳಿದುಕೊಳ್ಳಿ. ಸರಕು ವ್ಯಾನಿನ ಉಕ್ಕಿನ ಬಾಡಿಯೊಳಗೇ ಮನೆ ಕಟ್ಟಿದ್ದರೆ ಶತ್ರು ತುಕ್ಕು. ಚಾಲಕನ ಕ್ಯಾಬಿನ್ನಿನ ಹಿಂದೆ ಮರದ ಚೌಕಟ್ಟಿಗೆ ಅಲ್ಯೂಮಿನಿಯಂ ತಗಡು ಹೊದಿಸಿ ಕಟ್ಟಿದ್ದರೆ ಶತ್ರು ಲಡ್ಡು ಹಿಡಿದ, ಅಂದರೆ ಕೊಳೆತ ಮರ. ಎರಡನೆಯದರಲ್ಲಿ ಹೊರಗಿನ ತಗಡು ಹೊಳೆಯುತ್ತಿದ್ದರೂ ಒಳಗಿನ ಮರ ಬೆರಳಲ್ಲಿ ಪುಡಿಯಾಗುವಂತಿರಬಹುದು.

1. ಬಿಚ್ಚುವ ಮೊದಲು: ಸೋರಿಕೆಯ ನಕ್ಷೆ

ತೇವಮಾಪಕ ಒಂದನ್ನು ಕೊಳ್ಳಿ. ಎರಡು ಸೂಜಿಯ ಸರಳ ಮಾದರಿ ಸಾಕು. ಗೋಡೆಯ ಮೂಲೆಗಳು, ಕಿಟಕಿಗಳ ಕೆಳಗಿನ ಅಂಚು, ಚಾವಣಿಯ ಕಿಂಡಿಯ ಸುತ್ತ, ಹಿಂಬಾಗಿಲಿನ ಪಕ್ಕ, ಮಲಗುವ ಜಾಗದ ಕೆಳಗೆ, ಹೀಗೆ ಮರ ಇರುವ ಕಡೆಯೆಲ್ಲ ಅಳೆದು, ವ್ಯಾನಿನ ಒಂದು ಚಿತ್ರ ಬರೆದು ಅಂಕಿ ಗುರುತಿಸಿ. ಶೇಕಡಾ 15ರ ಒಳಗಿದ್ದರೆ ಮರ ಒಣಗಿದೆ. 20 ದಾಟಿದರೆ ಎಲ್ಲಿಂದಲೋ ನೀರು ಬರುತ್ತಿದೆ. 30ರ ಸುತ್ತಮುತ್ತ ಕಂಡರೆ ಒಳಗೆ ಕೊಳೆತಿರುವ ಸಾಧ್ಯತೆ ಹೆಚ್ಚು. ಲೋಹ ತಾಗಿದ ಕಡೆ ಮಾಪಕ ಸುಳ್ಳು ಹೇಳುತ್ತದೆ. ಅಂಥಲ್ಲಿ ನಾಲ್ಕೈದು ಸೆಂಟಿಮೀಟರ್ ಸರಿದು ಮತ್ತೆ ಅಳೆಯಿರಿ. ಈ ಚಿತ್ರವನ್ನು ಜೋಪಾನವಾಗಿಡಿ, ಕೊನೆಯಲ್ಲಿ ಬೇಕಾಗುತ್ತದೆ.

ಆಮೇಲೆ ನೀರಿನ ಪರೀಕ್ಷೆ. ಒಬ್ಬರು ಟಾರ್ಚ್ ಹಿಡಿದು ಒಳಗಿರಲಿ, ಇನ್ನೊಬ್ಬರು ಹೊರಗಿಂದ ಸಾಮಾನ್ಯ ಪೈಪಿನಲ್ಲಿ ನೀರು ಹಾಯಿಸಲಿ. ಒತ್ತಡದ ತೊಳೆಯುವ ಯಂತ್ರ ಬೇಡ, ಅದು ಒಳ್ಳೆಯ ಸೀಲನ್ನೂ ದಾಟಿ ನೀರು ನುಗ್ಗಿಸುತ್ತದೆ. ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಹೋಗಬೇಕು. ಪ್ರತಿ ಮಟ್ಟದಲ್ಲಿ ಹತ್ತು ನಿಮಿಷ. ಚಾವಣಿಯಿಂದ ಶುರುಮಾಡಿದರೆ ನೀರು ಎಲ್ಲ ಕಡೆ ಹರಿದು, ಯಾವ ಬಿರುಕು ತಪ್ಪಿತಸ್ಥ ಎಂದು ಗೊತ್ತಾಗುವುದಿಲ್ಲ. ನೀರು ಕಂಡ ಜಾಗವೇ ನೀರು ಹೊಕ್ಕ ಜಾಗ ಎಂದೂ ತಿಳಿಯಬೇಡಿ. ಚಾವಣಿಯ ಕಿಂಡಿಯಲ್ಲಿ ಹೊಕ್ಕಿದ್ದು ಬಾಡಿಯ ಎಲುಬಿನ ಗುಂಟ ಜಾರಿ ಒಂದೂವರೆ ಮೀಟರ್ ಆಚೆ ತೊಟ್ಟಿಕ್ಕುವುದುಂಟು.

2. ಬಿಚ್ಚುವುದು

ಬ್ಯಾಟರಿಯ ಋಣ ತುದಿ ಕಳಚಿ, ಗ್ಯಾಸ್ ಸಿಲಿಂಡರ್ ಹೊರಗಿಟ್ಟು ಕೆಲಸ ಶುರುಮಾಡಿ. ಕಟ್ಟಿದ್ದರ ತಿರುಗುಮುರುಗು ಕ್ರಮದಲ್ಲಿ ಬಿಚ್ಚಬೇಕು: ಮೊದಲು ಮೆತ್ತೆ, ಪರದೆ, ನಂತರ ಬೀರು, ಆಮೇಲೆ ಚಾವಣಿ ಹಲಗೆ, ಗೋಡೆ, ಕೊನೆಗೆ ನೆಲ. ಪ್ರತಿ ಹಂತಕ್ಕೂ ಫೋಟೊ ತೆಗೆಯಿರಿ. ಸ್ಕ್ರೂಗಳನ್ನು ಒಂದೇ ಡಬ್ಬಿಗೆ ಸುರಿಯದೆ, ಯಾವ ಭಾಗದ್ದು ಎಂದು ಬರೆದ ಚೀಲಗಳಲ್ಲಿ ಹಾಕಿ. ಬೂಸ್ಟು ಇದ್ದರೆ ಎಫ್‌ಎಫ್‌ಪಿ2 ಅಥವಾ ಎನ್95 ಮುಖಗವಸು ಕಡ್ಡಾಯ.

ಕೊಳೆತ ಹಲಗೆಯನ್ನೂ ಎಸೆಯಬೇಡಿ. ಹೊಸದು ಕೂರುವವರೆಗೆ ಹಳೆಯದೇ ನಿಮ್ಮ ಅಚ್ಚು. ವ್ಯಾನಿನೊಳಗೆ ನೆಟ್ಟಗಿನ ಗೆರೆ, ಲಂಬಕೋನ ಎಂಬುದು ಇರುವುದೇ ಇಲ್ಲ. ಮುರುಕು ಹಲಗೆಯನ್ನು ಹೊಸ ಪ್ಲೈವುಡ್ ಮೇಲಿಟ್ಟು ಪೆನ್ಸಿಲ್ ಎಳೆದರೆ ಎರಡು ದಿನದ ಅಳತೆಯ ಕೆಲಸ ಉಳಿಯುತ್ತದೆ. ಸೀಟ್ ಬೆಲ್ಟಿನ ಬೋಲ್ಟುಗಳನ್ನೂ ಸೀಟಿನ ಬುಡವನ್ನೂ ಮಾತ್ರ ಜಾಗ ಬದಲಿಸಬೇಡಿ. ಅವು ಅಪಘಾತದ ಎಳೆತ ತಾಳುವಂತೆ ಪರೀಕ್ಷಿಸಿ ಕೂರಿಸಿದ ಜಾಗಗಳು.

3. ಸೋರಿಕೆ ಮುಚ್ಚುವುದು

ಇಲ್ಲಿ ಆತುರಪಟ್ಟವರೇ ಮತ್ತೆ ಬಿಚ್ಚಬೇಕಾಗುವುದು. ಹಳೆಯ ಸೀಲಂಟಿನ (ಸಂದು ಮುಚ್ಚುವ ಅಂಟಿನ) ಮೇಲೆ ಹೊಸದನ್ನು ಬಳಿದರೆ ಒಂದು ಮಳೆಗಾಲ ತಡೆಯಬಹುದು. ನಂತರ ನೀರು ಎರಡರ ನಡುವೆ ದಾರಿ ಮಾಡಿಕೊಳ್ಳುತ್ತದೆ. ಕಿಂಡಿಯ ಚೌಕಟ್ಟನ್ನು ಪೂರ್ತಿ ಕಳಚಿ, ಪ್ಲಾಸ್ಟಿಕ್ ಕೆರೆಯುವ ಅಲಗಿನಿಂದ ಹಳೆಯದನ್ನು ತೆಗೆದು, ಐಸೊಪ್ರೊಪಿಲ್ ಆಲ್ಕೊಹಾಲಿನಲ್ಲಿ ಒರೆಸಿ. ಅಕ್ರಿಲಿಕ್ ಕಿಟಕಿಗೆ ಮಾತ್ರ ಆಲ್ಕೊಹಾಲ್, ಥಿನ್ನರ್, ಅಸಿಟೋನ್ ಯಾವುದೂ ತಾಗಬಾರದು, ಸಣ್ಣ ಸಣ್ಣ ಬಿರುಕು ಬಿಡುತ್ತದೆ, ಸೋಪುನೀರು ಸಾಕು.

ಬೋಲ್ಟು ಅಥವಾ ಸ್ಕ್ರೂ ಬಿಗಿಯುವ ಚೌಕಟ್ಟುಗಳಿಗೆ ಬ್ಯುಟೈಲ್ ಟೇಪ್ (ಅಂಟುರಬ್ಬರಿನ ಪಟ್ಟಿ) ಸರಿಯಾದ ವಸ್ತು: 3 ಮಿ.ಮೀ. ದಪ್ಪ, 20ರಿಂದ 25 ಮಿ.ಮೀ. ಅಗಲ. ಅದು ಗಟ್ಟಿಯಾಗದೆ ಮೆತ್ತಗೇ ಉಳಿಯುತ್ತದೆ, ಮುಂದೆ ಬಿಚ್ಚಲೂ ಬರುತ್ತದೆ. ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಟೇಪು ನಿಧಾನವಾಗಿ ಹಿಂಡಿಕೊಳ್ಳುವುದರಿಂದ ಮರುದಿನ ಇನ್ನೊಂದು ಸುತ್ತು ಬಿಗಿದು, ಹೊರಬಂದದ್ದನ್ನು ಕತ್ತರಿಸಿ. ಸ್ಕ್ರೂ ಇಲ್ಲದೆ ಅಂಟಿಸಿಯೇ ನಿಲ್ಲಿಸಬೇಕಾದ ಕಡೆ ಪಾಲಿಯುರೇಥೇನ್ ಸೀಲಂಟ್. ಸ್ನಾನದ ಕೋಣೆಯ ಸಿಲಿಕೋನ್ ಹೊರಮೈಗೆ ಬೇಡ: ಅದರ ಜಿಡ್ಡಿನ ಪೊರೆಯ ಮೇಲೆ ಮುಂದೆ ಬಣ್ಣವೂ ಹಿಡಿಯುವುದಿಲ್ಲ, ಬೇರೆ ಅಂಟೂ ಹಿಡಿಯುವುದಿಲ್ಲ.

ಗಾಜಿನ ಕಿಟಕಿಯ ರಬ್ಬರು ಗಟ್ಟಿಯಾಗಿ ಬಿರಿದಿದ್ದರೆ ಬದಲಿಸಿ. ಹೊಸ ರಬ್ಬರನ್ನು ಗಾಜಿಗೆ ತೊಡಿಸಿ, ಹೊರಗಡೆಯ ಸೀಳಿನಲ್ಲಿ 4-5 ಮಿ.ಮೀ. ದಪ್ಪದ ದಾರ ಸುತ್ತಿ ತುದಿಗಳನ್ನು ಒಳಗೆ ಬಿಡಿ. ಸೋಪುನೀರು ಸವರಿ ಒಬ್ಬರು ಹೊರಗಿಂದ ಒತ್ತಲಿ, ಇನ್ನೊಬ್ಬರು ಒಳಗಿಂದ ದಾರವನ್ನು ನಿಧಾನವಾಗಿ ಎಳೆಯಲಿ. ರಬ್ಬರಿನ ತುಟಿ ತಾನಾಗಿ ತಗಡಿನ ಮೇಲೆ ಮಗುಚಿ ಕೂರುತ್ತದೆ.

4. ತುಕ್ಕು ಮತ್ತು ಕೊಳೆತ ಮರ

ತುಕ್ಕಿನ ಜಾಗವನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಮೇಲ್ಮೈ ಮಾತ್ರ ಕೆಂಪಾಗಿದ್ದರೆ ತಂತಿಬ್ರಶ್ ಚಕ್ರದಿಂದ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ. ಗುಳಿಗಳಲ್ಲಿ ಉಳಿದ ತುಕ್ಕಿಗಷ್ಟೇ ತುಕ್ಕು ಪರಿವರ್ತಕ ಹಚ್ಚಿ. ಅದು ತುಕ್ಕಿನೊಡನೆ ಪ್ರತಿಕ್ರಿಯಿಸಿ ಕಪ್ಪಾಗುವ ರಾಸಾಯನಿಕ, ಬರಿಯ ಹೊಳೆವ ಉಕ್ಕಿನ ಮೇಲೆ ಅದಕ್ಕೆ ಕೆಲಸವಿಲ್ಲ. ನಂತರ ಎಪಾಕ್ಸಿ ಪ್ರೈಮರ್ ಎರಡು ಕೋಟು, ಅದರ ಮೇಲೆ ಬಣ್ಣ. ಚುಚ್ಚಿದಾಗ ತೂತು ಬಿದ್ದರೆ ಆ ಭಾಗ ಕತ್ತರಿಸಿ ಹೊಸ ತಗಡು ಬೆಸೆಯಬೇಕು. ಪುಟ್ಟಿ ತುಂಬಿ ಮುಚ್ಚುವುದು ಮೋಸ; ಬೆಲ್ಟಿನ ಬುಡ, ಚಾಸಿಗೆ ಸೇರಿದ ಭಾಗಗಳಲ್ಲಿ ಜೀವಕ್ಕೆ ಅಪಾಯ. ಬೆಸುಗೆ ಎಲ್ಲವೂ ಈ ಹಂತದಲ್ಲೇ ಮುಗಿಯಲಿ, ಫೋಮ್ ಅಂಟಿಸಿದ ಮೇಲೆ ಕಿಡಿ ಹಾರಿಸುವಂತಿಲ್ಲ. ಬಣ್ಣ ಒಣಗಿದ ಮೇಲೆ ಬಾಗಿಲಿನೊಳಗೆ, ಕೆಳಗಿನ ಪೆಟ್ಟಿಗೆ ತೊಲೆಗಳೊಳಗೆ ಉದ್ದ ನಳಿಕೆಯಿಂದ ಕ್ಯಾವಿಟಿ ವ್ಯಾಕ್ಸ್ (ಪೊಳ್ಳುಗಳಲ್ಲಿ ತುಕ್ಕು ತಡೆಯುವ ಮೇಣ) ಸಿಂಪಡಿಸಿ. ಅವುಗಳ ತಳದಲ್ಲಿ ನೀರು ಹೋಗಲೆಂದೇ ಬಿಟ್ಟ ಸಣ್ಣ ತೂತುಗಳಿರುತ್ತವೆ. ತಂತಿ ಹಾಕಿ ಅವನ್ನು ಬಿಡಿಸಿ, ಮುಂದಿನ ಯಾವ ಕೆಲಸದಲ್ಲೂ ಮುಚ್ಚಬೇಡಿ.

ಮರದ ಚೌಕಟ್ಟಾದರೆ, ಲಡ್ಡಾದದ್ದು ಮುಗಿದ ಜಾಗದಿಂದ ಇನ್ನೂ 15-20 ಸೆಂ.ಮೀ. ಒಳ್ಳೆಯ ಮರ ಸೇರಿಸಿ ಕತ್ತರಿಸಿ; ಶಿಲೀಂಧ್ರದ ಎಳೆಗಳು ಕಣ್ಣಿಗೆ ಕಾಣುವುದಕ್ಕಿಂತ ಮುಂದೆ ಹೋಗಿರುತ್ತವೆ. ಹೊಸ ತುಂಡು, ಹಳೆಯ ಮರ ಎರಡರ ತುದಿಯನ್ನೂ ಅರ್ಧ ದಪ್ಪಕ್ಕೆ ಕೊರೆದು ಒಂದರ ಮೇಲೊಂದು ಕೂರಿಸಿ, ಎಪಾಕ್ಸಿ ಅಂಟು ಮತ್ತು ಸ್ಟೇನ್‌ಲೆಸ್ ಸ್ಕ್ರೂಗಳಿಂದ ಸೇರಿಸಿ. ಉಳಿದ ಮರ ಶೇಕಡಾ 15ಕ್ಕೆ ಇಳಿಯುವವರೆಗೆ ಮುಚ್ಚಬೇಡಿ. ತೇವಹೀರುವ ಯಂತ್ರ ಇಟ್ಟರೂ ಇದಕ್ಕೆ ವಾರಗಳೇ ಬೇಕು. ಕಾಯುವುದೂ ಈ ಕೆಲಸದ ಭಾಗ.

5. ಶಾಖನಿರೋಧ, ಮತ್ತು ಉಸಿರಿನ ನೀರು

ಇಬ್ಬರು ರಾತ್ರಿ ಮಲಗಿ ಎದ್ದರೆ ಉಸಿರು, ಬೆವರಿನಿಂದ ಸುಮಾರು ಅರ್ಧ ಲೀಟರ್ ನೀರು ಗಾಳಿಗೆ ಸೇರಿರುತ್ತದೆ. ಒಂದು ಕಿಲೋ ಪ್ರೊಪೇನ್ ಉರಿದರೆ ಒಂದೂವರೆ ಕಿಲೋಗೂ ಹೆಚ್ಚು ನೀರಾವಿ ಹುಟ್ಟುತ್ತದೆ. ಈ ನೀರೆಲ್ಲ ತಣ್ಣನೆಯ ತಗಡನ್ನು ಹುಡುಕಿಕೊಂಡು ಹೋಗುತ್ತದೆ. ಹಾಗಾಗಿ ಇಲ್ಲಿ ಬೇಕಾದದ್ದು ನೀರು ಹೀರದ, ತಗಡಿಗೆ ಗಾಳಿಯ ಸಂದಿಲ್ಲದೆ ಅಂಟುವ ವಸ್ತು. ಮುಚ್ಚಿದ ಕೋಶಗಳ ರಬ್ಬರ್ ಫೋಮ್, 19 ಮಿ.ಮೀ. ದಪ್ಪದ್ದು, ಗೋಡೆ ಮತ್ತು ಚಾವಣಿಗೆ ಒಪ್ಪುತ್ತದೆ. ಎಲುಬುಗಳ ಮೇಲೂ 6-10 ಮಿ.ಮೀ. ಇರಲಿ, ಬರಿಯ ಎಲುಬೇ ಮೊದಲು ಬೆವರುವುದು. ಗಾಜುನಾರು ನೀರು ಹಿಡಿದಿಟ್ಟುಕೊಂಡು, ಗಾಡಿಯ ಕುಲುಕಾಟಕ್ಕೆ ಕುಸಿದು ತಳ ಸೇರುತ್ತದೆ. ಡಬ್ಬಿಯಿಂದ ಉಬ್ಬುವ ಫೋಮನ್ನು ಪೊಳ್ಳುಗಳಿಗೆ ತುಂಬಿದರೆ ಹೊರತಗಡು ಉಬ್ಬಬಹುದು, ನೀರಿನ ತೂತುಗಳು ಮುಚ್ಚಿಹೋಗುತ್ತವೆ. ಹೊಳೆಯುವ ಹಾಳೆಗಳು ತಮ್ಮ ಮುಂದೆ ಎರಡು ಸೆಂಟಿಮೀಟರ್ ಗಾಳಿಯ ಸಂದು ಇದ್ದಾಗಷ್ಟೇ ಕೆಲಸ ಮಾಡುತ್ತವೆ. ಹಲಗೆಗೂ ತಗಡಿಗೂ ನಡುವೆ ಹಿಸುಕಿದರೆ ವ್ಯರ್ಥ.

ಫೋಮಿಗೆ ಮೊದಲು, ದೊಡ್ಡ ಬಯಲು ತಗಡುಗಳ ನಡುಭಾಗದಲ್ಲಿ 2 ಮಿ.ಮೀ. ಬ್ಯುಟೈಲ್ ಶಬ್ದನಿರೋಧಕ ಹಾಳೆ ಅಂಟಿಸಿ ರೋಲರ್‌ನಿಂದ ಒತ್ತಿ. ತಗಡಿನ ಕಾಲುಭಾಗ ಮುಚ್ಚಿದರೆ ಕಂಪನ ಬಹುಮಟ್ಟಿಗೆ ತಗ್ಗುತ್ತದೆ. ಪೂರ್ತಿ ಹೊದಿಸುವುದು ತೂಕಕ್ಕೆ ದಂಡ.

ಎಷ್ಟೇ ಚೆನ್ನಾಗಿ ಅಂಟಿಸಿದರೂ ಗಾಳಿಯಾಡದಿದ್ದರೆ ಬೂಸ್ಟು ಬರುತ್ತದೆ. ಮೇಲೊಂದು ತೆರೆಯುವ ಕಿಂಡಿ, ಕೆಳಗೊಂದು ಸದಾ ತೆರೆದ ಜಾಲರಿ, ಎರಡೂ ಬೇಕು.

6. ನೆಲ

ಅಚ್ಚಿನಿಂದ ಒತ್ತಿ ಹೊರತಂದ ಗಟ್ಟಿ ಪಾಲಿಸ್ಟೈರೀನ್ ಫೋಮ್ ಹಲಗೆ, ಅಂದರೆ ಎಕ್ಸ್‌ಪಿಎಸ್, 25 ಮಿ.ಮೀ.; ಅದರ ಮೇಲೆ 12 ಮಿ.ಮೀ. ಜಲನಿರೋಧಕ ಪ್ಲೈವುಡ್, ಅದರ ಮೇಲೆ ವಿನೈಲ್. ಒಟ್ಟು ನಾಲ್ಕು ಸೆಂಟಿಮೀಟರ್ ಎತ್ತರ ಹೋಗುತ್ತದೆ, ತಲೆ ತಾಗುವಂತಿದ್ದರೆ ಫೋಮನ್ನು 10 ಮಿ.ಮೀ.ಗೆ ಇಳಿಸಿ. ಪ್ಲೈವುಡ್ಡಿನ ಅಂಚುಗಳೇ ನೀರು ಕುಡಿಯುವ ಬಾಯಿ. ಕೂರಿಸುವ ಮೊದಲು ಎರಡು ಸಲ ಎಪಾಕ್ಸಿ ಅಥವಾ ಪಾಲಿಯುರೇಥೇನ್ ವಾರ್ನಿಷ್ ಕುಡಿಸಿ. ಸುತ್ತ 5 ಮಿ.ಮೀ. ಸಂದು ಬಿಡಿ. ಪಾಲಿಯುರೇಥೇನ್ ಅಂಟಿನಲ್ಲಿ ಕೂರಿಸಿ ಒಂದು ದಿನ ಭಾರ ಹೇರಿ.

ತಗಡಿನ ನೆಲಕ್ಕೆ ಸ್ಕ್ರೂ ಹೊಡೆಯುವ ಮುನ್ನ ಗಾಡಿಯ ಕೆಳಗೆ ತೂರಿ ನೋಡಲೇಬೇಕು. ಇಂಧನ ಟ್ಯಾಂಕ್, ಬ್ರೇಕಿನ ನಳಿಕೆ, ವಯರುಗಳ ಕಂತೆ ಎಲ್ಲ ಅಲ್ಲೇ ಹೋಗುತ್ತವೆ. ಮಂಚ, ಅಡುಗೆಕಟ್ಟೆಗಳಂಥ ಭಾರದ ಭಾಗಗಳಿಗೆ ಆರಪಾರ ಬೋಲ್ಟು ಹಾಕಿ, ಕೆಳಗೆ ಅಗಲವಾದ ಲೋಹದ ಫಲಕ ಕೊಟ್ಟು, ತೂತಿನ ಅಂಚಿಗೆ ಪ್ರೈಮರ್, ಸುತ್ತ ಸೀಲಂಟ್.

7. ವಯರಿಂಗ್

ಗೋಡೆ ಮುಚ್ಚುವ ಮೊದಲಿನ ಕೆಲಸ ಇದು. ಮೊದಲು ಲೆಕ್ಕ. 12 ವೋಲ್ಟಿನ ಕಂಪ್ರೆಸರ್ ಫ್ರಿಜ್ 45 ವ್ಯಾಟಿನದು ಎಂದುಕೊಳ್ಳಿ: ಓಡುವಾಗ 4 ಆಂಪಿಯರ್ ಹತ್ತಿರ, ದಿನಕ್ಕೆ ಹತ್ತು ಗಂಟೆ ಓಡಿದರೆ 40 ಆಂಪಿಯರ್-ಗಂಟೆ. ಎಲ್‌ಇಡಿ ದೀಪಕ್ಕೆ 4, ನೀರಿನ ಪಂಪಿಗೆ 1, ಫ್ಯಾನಿಗೆ 12, ಫೋನುಗಳಿಗೆ 4. ಒಟ್ಟು ದಿನಕ್ಕೆ 60ರ ಆಸುಪಾಸು. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಸಾಯುತ್ತದೆ, ಹಾಗಾಗಿ ಒಂದು ದಿನಕ್ಕೇ 120 ಬೇಕು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 100 ಇದ್ದರೆ ಒಂದೂವರೆ ದಿನ ನಡೆಯುತ್ತದೆ. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಅದನ್ನು ಚಾರ್ಜ್ ಮಾಡಬಾರದು, ಮತ್ತು ಎಂಜಿನ್ನಿನ ಆಲ್ಟರ್ನೇಟರಿಗೆ (ವಿದ್ಯುತ್ ಹುಟ್ಟಿಸುವ ಯಂತ್ರಕ್ಕೆ) ನೇರ ಜೋಡಿಸದೆ, ಕರೆಂಟಿಗೆ ಮಿತಿ ಹಾಕುವ ಡಿಸಿ-ಡಿಸಿ ಚಾರ್ಜರ್ ಮೂಲಕ ಕೊಡಬೇಕು; ಇಲ್ಲವಾದರೆ ಅದು ಎಳೆಯುವ ಕರೆಂಟಿಗೆ ಆಲ್ಟರ್ನೇಟರ್ ಸುಡಬಹುದು. ಸೀಸದ ಬ್ಯಾಟರಿ ಹೈಡ್ರೋಜನ್ ಬಿಡುವುದರಿಂದ ಅದರ ಪೆಟ್ಟಿಗೆಗೆ ಹೊರಗಾಳಿಯ ದಾರಿ ಇರಬೇಕು.

ವಯರಿನ ದಪ್ಪವನ್ನು ಅಂದಾಜಿನಲ್ಲಿ ಆರಿಸಬೇಡಿ. ಒಂದು ಕಡೆಯ ಉದ್ದವನ್ನು (ಮೀಟರಿನಲ್ಲಿ) ಎರಡರಿಂದ, ಅದನ್ನು ಆಂಪಿಯರಿನಿಂದ, ಅದನ್ನು 0.0175ರಿಂದ (ತಾಮ್ರ ವಿದ್ಯುತ್ತಿಗೆ ಒಡ್ಡುವ ತಡೆಯ ಅಂಕಿ) ಗುಣಿಸಿ, ವಯರಿನ ಚದರ ಮಿಲಿಮೀಟರಿನಿಂದ ಭಾಗಿಸಿದರೆ ದಾರಿಯಲ್ಲಿ ಸೋರಿಹೋಗುವ ವೋಲ್ಟ್ ಸಿಗುತ್ತದೆ. ನಾಲ್ಕು ಮೀಟರ್ ದೂರದ ಫ್ರಿಜ್ಜಿಗೆ 5 ಆಂಪಿಯರ್ ಹರಿಯುವಾಗ 1.5 ಚ.ಮಿ.ಮೀ. ವಯರಿನಲ್ಲಿ 0.47 ವೋಲ್ಟ್ ಹೋಗುತ್ತದೆ, 4 ಚ.ಮಿ.ಮೀ.ನಲ್ಲಿ 0.18 ಮಾತ್ರ. "ಬ್ಯಾಟರಿ ತುಂಬಿದೆ, ಆದರೂ ಫ್ರಿಜ್ ಆಗಾಗ ನಿಲ್ಲುತ್ತದೆ" ಎಂಬ ದೂರಿನ ಹಿಂದೆ ಅನೇಕ ಸಲ ಇರುವುದು ಈ ಸಣ್ಣ ವಯರು.

ಮನೆಗೆ ಹಾಕುವ ಒಂಟಿ ಗಟ್ಟಿ ತಂತಿ ಕುಲುಕಾಟಕ್ಕೆ ಮುರಿಯುತ್ತದೆ; ಸಣ್ಣ ಎಳೆಗಳ ತಾಮ್ರದ ವಯರೇ ಬೇಕು. ತುದಿಗಳನ್ನು ರ‍್ಯಾಚೆಟ್ ಇಕ್ಕಳದಿಂದ ಕ್ರಿಂಪ್ ಮಾಡಿ, ಅಂದರೆ ಲೋಹದ ತುದಿಕೊಳವೆಯೊಳಗೆ ಹಿಸುಕಿ ಹಿಡಿಸಿ. ಬೆಸುಗೆ ಹಾಕಿದ ತುದಿ ಬಿರುಸಾಗಿ, ಬೆಸುಗೆ ಮುಗಿಯುವ ಜಾಗದಲ್ಲೇ ತುಂಡಾಗುತ್ತದೆ. ತಗಡಿನ ಪ್ರತಿ ತೂತಿಗೂ ರಬ್ಬರ್ ಗ್ರೊಮೆಟ್, ಅಂದರೆ ವಯರು ಸವೆಯದಂತೆ ಅಂಚಿಗೆ ತೊಡಿಸುವ ಬಳೆ. ಮುಖ್ಯ ಫ್ಯೂಸು ಬ್ಯಾಟರಿಯ ಧನ ತುದಿಯಿಂದ 20 ಸೆಂ.ಮೀ. ಒಳಗೇ ಇರಲಿ. ಫ್ಯೂಸು ಕಾಯುವುದು ಉಪಕರಣವನ್ನಲ್ಲ, ವಯರನ್ನು. ಆದ್ದರಿಂದ ವಯರು ತಾಳುವುದಕ್ಕಿಂತ ದೊಡ್ಡ ಫ್ಯೂಸು ಹಾಕುವಂತಿಲ್ಲ. ಸಾವಿರ ವ್ಯಾಟಿನ ಇನ್ವರ್ಟರ್ 12 ವೋಲ್ಟಿನಲ್ಲಿ 90 ಆಂಪಿಯರ್ ದಾಟಿ ಎಳೆಯುತ್ತದೆ ಎಂಬುದನ್ನು ನೆನಪಿಡಿ. ಅದನ್ನು ಬ್ಯಾಟರಿಯ ಪಕ್ಕದಲ್ಲೇ ಕೂರಿಸಿ, ದಪ್ಪ ಕೇಬಲ್ ಕೊಡಿ.

ಎಲ್ಲ ಮುಗಿದ ಮೇಲೆ ಅಳತೆಪಟ್ಟಿ ಹಿಡಿದು ಪ್ರತಿ ಗೋಡೆಯ ಫೋಟೊ ತೆಗೆಯಿರಿ. ಆರು ತಿಂಗಳ ನಂತರ ಬೀರು ತಗುಲಿಸಲು ಡ್ರಿಲ್ ಹಿಡಿದಾಗ ವಯರು ಎಲ್ಲಿದೆ ಎಂದು ತಿಳಿಸುವುದು ಆ ಫೋಟೊ ಮಾತ್ರ.

8. ಗ್ಯಾಸ್ ಮತ್ತು ನೀರು

ಗ್ಯಾಸಿನ ಕೊಳವೆ ಜೋಡಣೆಯನ್ನು ಅರ್ಹತೆ ಪಡೆದ ತಂತ್ರಜ್ಞರಿಂದಲೇ ಮಾಡಿಸಿ. ನೀವು ನೋಡಬೇಕಾದವು ಇಷ್ಟು: ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಕೊಳದಂತೆ ನಿಲ್ಲುತ್ತದೆ. ಆದ್ದರಿಂದ ಸಿಲಿಂಡರಿನ ಗೂಡು ಒಳಭಾಗದಿಂದ ಪೂರ್ತಿ ಮುಚ್ಚಿರಬೇಕು, ಅದರ ತಳದಲ್ಲಿ ಹೊರಗೆ ತೆರೆಯುವ ತೂತಿರಬೇಕು. ರಬ್ಬರ್ ಪೈಪಿನ ಮೇಲಿನ ದಿನಾಂಕ ಮೀರಿದ್ದರೆ ಬದಲಿಸಿ. ಜ್ವಾಲೆ ಆರಿದರೆ ಗ್ಯಾಸ್ ತಾನೇ ನಿಲ್ಲುವ ಒಲೆ ಇರಲಿ. ಸೋರಿಕೆ ನೋಡುವುದು ಸೋಪುನೊರೆಯಿಂದ, ಎಂದೂ ಬೆಂಕಿಯಿಂದಲ್ಲ. ಗ್ಯಾಸ್ ಎಚ್ಚರಿಕೆ ಗಂಟೆ ನೆಲದ ಹತ್ತಿರ. ಕಾರ್ಬನ್ ಮಾನಾಕ್ಸೈಡ್ ಗಂಟೆ ಮಲಗುವವರ ತಲೆಯ ಮಟ್ಟದ ಆಸುಪಾಸು, ಏಕೆಂದರೆ ಆ ಅನಿಲ ಹೆಚ್ಚುಕಡಿಮೆ ಗಾಳಿಯಷ್ಟೇ ತೂಕದ್ದು, ಎಲ್ಲೆಡೆ ಬೆರೆಯುತ್ತದೆ.

ಹಳೆಯ ನೀರಿನ ಟ್ಯಾಂಕ್ ಬಿರುಕಿಲ್ಲದಿದ್ದರೆ ಉಳಿಸಿಕೊಳ್ಳಬಹುದು, ಪೈಪುಗಳನ್ನು ಮಾತ್ರ ಹೊಸತಾಗಿಸಿ. ಶುದ್ಧಮಾಡಲು ಸುವಾಸನೆ ಇಲ್ಲದ ಶೇಕಡಾ 5ರ ಬ್ಲೀಚ್ ದ್ರಾವಣವನ್ನು ಲೀಟರ್ ನೀರಿಗೆ ಒಂದು ಮಿಲಿಲೀಟರಿನಂತೆ ಬೆರೆಸಿ, ಎಲ್ಲ ನಲ್ಲಿಗಳಲ್ಲೂ ಬರುವಂತೆ ಪಂಪ್ ಓಡಿಸಿ, ನಾಲ್ಕು ಗಂಟೆ ಬಿಟ್ಟು, ವಾಸನೆ ಹೋಗುವವರೆಗೆ ತೊಳೆಯಿರಿ. ಪಂಪಿನ ಮುಂದೆ ಜಾಲರಿ ಶೋಧಕ ಇಲ್ಲದಿದ್ದರೆ ಟ್ಯಾಂಕ್ ಕೊರೆದಾಗ ಉಳಿದ ಪ್ಲಾಸ್ಟಿಕ್ ಚೂರೊಂದು ಪಂಪನ್ನು ಕೆಡಿಸುತ್ತದೆ. ಚಳಿಗೆ ನೀರು ಹೆಪ್ಪುಗಟ್ಟುವ ಊರುಗಳಲ್ಲಿ ಎಲ್ಲಕ್ಕಿಂತ ತಗ್ಗಿನ ಜಾಗದಲ್ಲಿ ಖಾಲಿಮಾಡುವ ನಲ್ಲಿ ಇಡಿ.

9. ಗೋಡೆ, ಬೀರು, ಮೆತ್ತೆ

ಎಲುಬುಗಳಿಗೆ ಎಂ6 ರಿವ್‌ನಟ್ (ತಗಡಿನ ತೂತಿನಲ್ಲಿ ಹಿಸುಕಿ ನಿಲ್ಲಿಸುವ ನಟ್) ಕೂರಿಸಿ ಮರದ ಪಟ್ಟಿ ಬಿಗಿದು, ಅದಕ್ಕೆ 4 ಮಿ.ಮೀ. ಪ್ಲೈವುಡ್ಡನ್ನು ಸ್ಕ್ರೂನಿಂದ ಹಿಡಿಸಿ. ಅಂಟಿಸಬೇಡಿ. ಸ್ಕ್ರೂ ತಲೆ ಕಂಡರೆ ಕಾಣಲಿ, ಅದೇ ನಿಮ್ಮ ಮುಂದಿನ ರಿಪೇರಿಯ ಬಾಗಿಲು. ಬಾಗಿದ ಜಾಗಗಳಿಗೆ ನಾಲ್ಕೂ ಕಡೆ ಹಿಗ್ಗುವ ಕಾರ್ಪೆಟ್ ಬಟ್ಟೆ, ಬಿಸಿ ತಾಳುವ ಸ್ಪ್ರೇ ಅಂಟು. ಸಾಮಾನ್ಯ ಅಂಟು ಬಿಸಿಲಿಗೆ ಕಾದ ಚಾವಣಿಯಲ್ಲಿ ಬಿಟ್ಟುಕೊಂಡು ಬಟ್ಟೆ ಜೋತುಬೀಳುತ್ತದೆ.

ಬೀರುಗಳಿಗೆ ಎಂಡಿಎಫ್ (ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ) ಬೇಡ: ತೂಕ ಹೆಚ್ಚು, ನೀರು ತಾಗಿದರೆ ಊದುತ್ತದೆ. 15 ಮಿ.ಮೀ. ಬರ್ಚ್ ಪ್ಲೈವುಡ್ ಚದರ ಮೀಟರಿಗೆ ಹತ್ತು ಕಿಲೋ. ಪಾಪ್ಲರಿನ ಹಗುರ ಪ್ಲೈವುಡ್ ಸುಮಾರು ಏಳು. ಹತ್ತು ಚದರ ಮೀಟರ್ ಬಳಸುವಾಗ ಮೂವತ್ತು ಕಿಲೋ ಉಳಿತಾಯ. ತಿರುವಿನಲ್ಲಿ ಬಾಗಿಲು ತೆರೆದುಕೊಳ್ಳದಂತೆ ಒತ್ತಿ ತೆರೆಯುವ ಗುಂಡಿಬೀಗ ಹಾಕಿ, ಅಯಸ್ಕಾಂತ ಸಾಲದು. ನೀರಿನ ಟ್ಯಾಂಕ್, ಬ್ಯಾಟರಿ ಒಂದೇ ಬದಿಗೆ ಬಾರದಂತೆ, ಕೆಳಗೆ, ಎರಡು ಆಕ್ಸಲ್‌ಗಳ ನಡುವೆ ಬರುವಂತೆ ಇಡಿ.

ಮೆತ್ತೆಗೆ ಘನ ಮೀಟರಿಗೆ 35-40 ಕಿಲೋ ಸಾಂದ್ರತೆಯ ಫೋಮ್, 10-12 ಸೆಂ.ಮೀ. ದಪ್ಪ. ಹೊದಿಕೆಯ ಅಳತೆಗಿಂತ ಒಂದು ಸೆಂಟಿಮೀಟರ್ ದೊಡ್ಡದಾಗಿ ಕತ್ತರಿಸಿದರೆ ಬಟ್ಟೆ ಸುಕ್ಕಾಗದೆ ತುಂಬಿ ನಿಲ್ಲುತ್ತದೆ. ಬಟ್ಟೆ ಬೆಂಕಿ ಬೇಗ ಹತ್ತದ ಜಾತಿಯದಿರಲಿ. ಹಾಸಿಗೆಯ ಕೆಳಗೆ ಇಡೀ ಹಲಗೆ ಹಾಕುವ ಬದಲು ಪಟ್ಟಿಗಳನ್ನು ಬೆರಳಗಲ ಬಿಟ್ಟು ಜೋಡಿಸಿ. ಬೆವರು ಕೆಳಗಿಳಿದು ಹಲಗೆಯ ಮೇಲೆ ನಿಂತರೆ ಕೆಲವೇ ವಾರಗಳಲ್ಲಿ ಮುಗ್ಗಲು ವಾಸನೆ ಹುಟ್ಟುತ್ತದೆ.

10. ಮುಗಿಯಿತು ಎನ್ನುವ ಮುನ್ನ

ನೀರು, ಇಂಧನ, ಸಾಮಾನು ತುಂಬಿ, ಜನರೂ ಕೂತು ವೇಬ್ರಿಡ್ಜಿನ ಮೇಲೆ ತೂಗಿಸಿ: ಒಟ್ಟು ತೂಕ ಒಮ್ಮೆ, ಪ್ರತಿ ಆಕ್ಸಲ್ ಒಮ್ಮೆ. ಗಾಡಿಯ ಫಲಕದ ಮೇಲೆ ಬರೆದ ಮಿತಿಗೆ ಹೋಲಿಸಿ. ಐನೂರು ಕಿಲೋಮೀಟರ್ ಓಡಿದ ಮೇಲೆ ಎಲ್ಲ ಬೋಲ್ಟು, ವಯರಿನ ತುದಿ, ಪೈಪಿನ ಕ್ಲಿಪ್ಪು ಮತ್ತೊಮ್ಮೆ ಬಿಗಿ ನೋಡಿ. ಕೆಳಗಿನಿಂದ ಮೇಲಕ್ಕೆ ನೀರು ಹಾಯಿಸುವ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ನಾಲ್ಕೈದು ಮಳೆ ಕಂಡ ಮೇಲೆ, ಮೊದಲ ದಿನ ಬರೆದಿಟ್ಟ ಚಿತ್ರ ತೆಗೆದು, ಅವೇ ಜಾಗಗಳಲ್ಲಿ ತೇವಮಾಪಕದ ಸೂಜಿ ಒತ್ತಿ. ಹಳೆಯ ಅಂಕಿಯ ಪಕ್ಕದಲ್ಲಿ ಹೊಸದನ್ನು ಬರೆಯಿರಿ. ಯಾವುದಾದರೂ ಒಂದು ಜಾಗ 20ರ ಮೇಲಿದ್ದರೆ ಆ ಹಲಗೆಯ ಸ್ಕ್ರೂಗಳನ್ನು ಅಂದೇ ಬಿಚ್ಚಿ ಹಿಂದೆ ನೋಡಿ.